ಒಂದೇ ನಂಬರಿನ ಇಬ್ಬರು

"ಅಲ್ಲೇ ನಿಲ್ಲೇ! ಒದ್ದೆ ನೆಲ ತುಳಿದ್ರೆ ಮತ್ತೆ ಒರೆಸೋಕೆ ನಾನೇನು ನಿಮ್ಮಮ್ಮನಾ?"

ಉದ್ಯೋಗ ಕೇಂದ್ರದ ಅಧಿಕಾರಿ ನನಗೆ ಹೀಗೆಂದಾಗ ಸಾಲಿನಲ್ಲಿ ನಿಂತಿದ್ದ ವಿದ್ಯಾರ್ಥಿಗಳೆಲ್ಲ ನಕ್ಕರು. ನಗದೆ ಏನು ಮಾಡಿಯಾರು, ಅವರ ಹಣೆಬರಹವೂ ಅವನ ಕೈಯಲ್ಲೇ ಇತ್ತು. ನನ್ನ ಅಮ್ಮ ಅದೇ ಕೋಣೆಯ ಮೂಲೆಯಲ್ಲಿ ಬಕೆಟ್ಟಿಗೆ ಬಟ್ಟೆ ಹಿಂಡುತ್ತಿದ್ದಳು. ಈ ವಿಶ್ವವಿದ್ಯಾಲಯದಲ್ಲಿ ಅವಳು ಹನ್ನೊಂದು ವರ್ಷದಿಂದ ಕಸ ಗುಡಿಸಿ ಪಾಯಿಖಾನೆ ತೊಳೆಯುತ್ತಾಳೆ. ನಾನು ಇಲ್ಲೇ ಸಂಖ್ಯಾಶಾಸ್ತ್ರದ ಕೊನೆಯ ವರ್ಷ ಓದುತ್ತೇನೆ. ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಗುರುತಿಲ್ಲದವರ ಹಾಗೆ ದಾಟಿ ಹೋಗುತ್ತಿದ್ದೆವು. ಅದು ಅಮ್ಮ ಮಾಡಿದ ನಿಯಮ. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆನಲ್ಲ, ಆ ನಾಚಿಕೆ ಮಾತ್ರ ನನ್ನದು.

"ಏನು ನಿನ್ನ ಗೋಳು?" ಎಂದ ಅಧಿಕಾರಿ.

ಗೋಳು ಇಷ್ಟೇ. ಕೆಲಸ ಬೇಕಾದವರು ಕಂಪನಿಗಳ ಬಾಗಿಲು ತಟ್ಟುವ ಕಾಲ ಹೋಯಿತು. ಕೇಂದ್ರದ ಜಾಲತಾಣದಲ್ಲಿ ಹೆಸರು, ಅಂಕ, ಫೋನ್ ನಂಬರು ತುಂಬಿ ಕೈಕಟ್ಟಿ ಕೂರಬೇಕು. ಯಂತ್ರ ಅದನ್ನೆಲ್ಲ ಓದಿ ಇಂಥವರಿಗೆ ಇಂಥ ಕೆಲಸ ಎಂದು ಮದುವೆ ದಲ್ಲಾಳಿಯ ಹಾಗೆ ಜೋಡಿ ಹಾಕುತ್ತದೆ. ಅದು ಜೋಡಿ ಹಾಕಿದರಷ್ಟೇ ಪರೀಕ್ಷೆಗೆ ಕರೆ. ಆ ಶುಕ್ರವಾರ ವಿಮಾ ಕಂಪನಿಯೊಂದರ ಪರೀಕ್ಷೆಯಿತ್ತು. ನಮ್ಮ ವಿಷಯದವರನ್ನು ಕೇಳಿಕೊಂಡು ವರ್ಷಕ್ಕೆ ಬರುವ ಕಂಪನಿ ಅದೊಂದೇ. ತರಗತಿಗೆ ಎರಡನೆಯವಳಾದ ನನಗೆ ಯಂತ್ರ ಹುಡುಕಿಕೊಟ್ಟದ್ದು ಇದು: "ನಿಮಗೆ ಹೊಂದುವ ಕೆಲಸ, ಶುಚಿತ್ವ ಸಹಾಯಕಿ. ಹೊಂದಾಣಿಕೆ ನೂರಕ್ಕೆ ತೊಂಬತ್ತೆಂಟು."

ನಮ್ಮ ಮನೆಯಲ್ಲಿರುವುದು ಒಂದೇ ಫೋನು. ಬೆಳಿಗ್ಗೆ ಅದು ಅಮ್ಮನ ಜೊತೆ ಹೋಗುತ್ತದೆ. ಪೊರಕೆ ಹಿಡಿದ ಫೋಟೋ ಕಳಿಸದಿದ್ದರೆ ಅವಳಿಗೆ ಹಾಜರಿ ಬೀಳುವುದಿಲ್ಲ. ಮಧ್ಯಾಹ್ನದ ಮೇಲೆ ನನ್ನ ಪಾಠಗಳಿಗೆ. ಅಮ್ಮನನ್ನು ಬಿಟ್ಟರೆ ಎರಡು ಪಾಳಿ ದುಡಿಯುವ ಪ್ರಾಣಿ ನಮ್ಮಲ್ಲಿ ಅದೊಂದೇ. ಕಾಲೇಜು ಸೇರುವಾಗ ನಾನು ಜಾಲತಾಣಕ್ಕೆ ಕೊಟ್ಟದ್ದು ಆ ನಂಬರು. ಗುತ್ತಿಗೆಯವರು ಅಮ್ಮನನ್ನು ಬರೆದುಕೊಂಡದ್ದೂ ಅದೇ ನಂಬರಿಗೆ. ವಿದ್ಯಾರ್ಥಿಗಳ ಪಟ್ಟಿ, ಕೂಲಿಯವರ ಪಟ್ಟಿ ಎರಡನ್ನೂ ನಡೆಸುವ ಸಂಸ್ಥೆ ಒಂದೇ. ಹೋದ ತಿಂಗಳು ಅವರು ಎರಡನ್ನೂ ಕೂಡಿಸಿಬಿಟ್ಟರು. ಯಂತ್ರದ ಲೆಕ್ಕದಲ್ಲಿ ಅಮ್ಮ ಮಗಳು ಒಬ್ಬಳೇ ಹೆಂಗಸಾದೆವು.

ಅಧಿಕಾರಿ ನನ್ನ ಪುಟ ತೆರೆದು ಗಟ್ಟಿಯಾಗಿ ಓದಿದ. "ಹನ್ನೊಂದು ವರ್ಷದ ಅನುಭವ! ನೋಡ್ರಪ್ಪಾ, ಇಡೀ ಬ್ಯಾಚಲ್ಲಿ ಇಷ್ಟು ಅನುಭವ ಇರೋಳು ಇವಳೊಬ್ಬಳೇ. ಐದನೇ ಕ್ಲಾಸಲ್ಲೇ ಪೊರಕೆ ಹಿಡ್ದಿರಬೇಕು."

"ಸರ್, ಅದು ಅಮ್ಮಂದು. ದಯವಿಟ್ಟು ಬೇರೆ ಮಾಡಿಕೊಡಿ."

"ಬೇರೆ ಮಾಡೋಕೆ ಬರಲ್ಲ, ಅಳಿಸೋಕೆ ಮಾತ್ರ ಬರುತ್ತೆ. ಇಲ್ಲಿ ಒತ್ತಿದ್ರೆ ಆ ನಂಬರಿನ ಹಿಂದಿರೋದೆಲ್ಲಾ ಹೋಗುತ್ತೆ. ಆಮೇಲೆ ಇಬ್ರೂ ಹೊಸದಾಗಿ ಸೇರ್ಕೊಳ್ಳಿ. ಒತ್ತೋದಾದ್ರೆ ಒತ್ತು, ಇಲ್ಲಾಂದ್ರೆ ಜಾಗ ಖಾಲಿ ಮಾಡು."

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ನಿಂತಳು. ಎಲ್ಲರೆದುರು ಅವಳು ನನ್ನ ಪಕ್ಕ ನಿಂತದ್ದು ಅದೇ ಮೊದಲು.

"ಅಳಿಸಬೇಕಾಗುತ್ತೇನೋ ಅಂತ ನಿನ್ನೇನೇ ನಮ್ ಮೇಸ್ತ್ರೀನ ಕೇಳಿದೀನಿ ಕಣೇ. ಹಳೇ ಆಳು ನೀನು, ಎರಡು ನಿಮಿಷದಲ್ಲಿ ಮತ್ತೆ ಸೇರಿಸ್ತೀನಿ ಅಂದಿದಾನೆ. ಒತ್ತು."

"ಅಮ್ಮಾ, ಒಂದಿನ ಯೋಚನೆ ಮಾಡೋಣ."

"ಒತ್ತೇ ಅಂದ್ರೆ! ಯೋಚನೆ ಮಾಡ್ತಾ ಕೂತ್ರೆ ಪರೀಕ್ಷೆ ಬರೆಯೋಕೆ ಸತ್ತಿರೋ ನಿಮ್ಮಪ್ಪ ಎದ್ದು ಬರ್ತಾನಾ?"

ಒತ್ತಿದೆ. ಸಾವಿರ ಸಾಲಿನ ಅಂಕಿಅಂಶದಲ್ಲಿ ತಪ್ಪು ಹುಡುಕುವ ನಾನು, ಅಳಿಸಿದ ಮೇಲೆ ಏನಾಗುತ್ತದೆಂದು ಒಂದು ಮಾತು ಕೇಳಲಿಲ್ಲ.

ಅದೇ ಸಂಜೆ ಹೊಸ ಸಿಮ್ ತಂದು ಹೊಸದಾಗಿ ಎಲ್ಲ ತುಂಬಿದೆ. "ನಿಮ್ಮ ವಿವರಗಳ ಪರಿಶೀಲನೆಗೆ ಹದಿನೈದು ದಿನ ಬೇಕು" ಎಂದಿತು ಯಂತ್ರ. ಪರೀಕ್ಷೆಗೆ ಉಳಿದಿದ್ದದ್ದು ನಾಲ್ಕು ದಿನ. ಬೆಳಿಗ್ಗೆ ಕೇಂದ್ರಕ್ಕೆ ಓಡಿದೆ.

"ಇದನ್ನ ನೀವು ಹೇಳ್ಲೇ ಇಲ್ಲ ಸರ್."

"ನೀನು ಕೇಳ್ಲೇ ಇಲ್ಲ."

ಅಲ್ಲಿಂದ ಹಿಂಬಾಗಿಲ ಶೆಡ್ಡಿಗೆ ಹೋದೆ. ಹಾಜರಿ ಹಾಕುವ ಮೇಸ್ತ್ರಿ ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅಮ್ಮ ಪೊರಕೆ ಹಿಡಿದು ಎದುರಿಗೆ ನಿಂತಿದ್ದಳು. ನಲವತ್ತೈದು ದಾಟಿದವರನ್ನು ಯಂತ್ರ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲವಂತೆ. ಅಮ್ಮನಿಗೆ ಐವತ್ತೊಂದು. ಹಳಬಳಾಗಿದ್ದಷ್ಟು ದಿನ ಅವಳ ವಯಸ್ಸು ಯಾರಿಗೂ ಬೇಕಿರಲಿಲ್ಲ.

"ನಾನೇನ್ ಮಾಡ್ಲಕ್ಕಾ, ತಗೊಳ್ತಾನೇ ಇಲ್ಲ. ಇದರ ಪ್ರಕಾರ ನೀನು ಇಲ್ಲಿ ಒಂದಿನಾನೂ ದುಡ್ದಿಲ್ಲ."

"ಹನ್ನೊಂದು ವರ್ಷ ಇವರ ಹೇಲು ಬಾಚಿದೀನಲ್ಲೋ ಬೋಳಿಮಗನೇ! ಅದನ್ನೂ ಅಳಿಸಿಬಿಟ್ಯಾ?" ಅಮ್ಮ ಅವನ ಮೂಗಿನ ಕೆಳಗೆ ಕೈ ಚಾಚಿದಳು. ಆಸಿಡ್ ತಿಂದು ಉಗುರುಗಳೆಲ್ಲ ಹಳದಿಗಟ್ಟಿದ್ದವು. "ಇದೇನು ನಾನು ಬಳೆ ಅಂಗಡೀಲಿ ಕೂತು ಮಾಡ್ಕೊಂಡಿದ್ದಾ? ತೆಗಿ ಫೋಟೋ! ಇದನ್ನ ಕಳಿಸು ನಿನ್ನ ಯಂತ್ರಕ್ಕೆ!"

ಮೇಸ್ತ್ರಿ ಕೆಟ್ಟವನಲ್ಲ. ಮುಖ ಬೇರೆ ಕಡೆ ತಿರುಗಿಸಿಕೊಂಡು ಪೊರಕೆಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ಅದು ಸಂಸ್ಥೆಯ ಪೊರಕೆ.

ಗುರುವಾರ ಮಧ್ಯಾಹ್ನ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ಕಂಡಿರಲಿಲ್ಲ. ನಮ್ಮದು ಟೈರ್ ಅಂಗಡಿಯ ಹಿಂದಿನ ಒಂದು ಕೋಣೆ. ಒಲೆ, ಹಾಸಿಗೆ, ನನ್ನ ಪುಸ್ತಕ ಎಲ್ಲ ಅದರಲ್ಲೇ. ಫೋನು ಟಣ್ ಎಂದದ್ದೇ ತಡ ಅಮ್ಮ ಧಡಕ್ಕನೆ ಎದ್ದು ಕೂತಳು.

"ಬಂತಾ? ಪರೀಕ್ಷೆದು ಬಂತಲ್ವಾ?"

ನಾನು ಓದಿ ಹೇಳಿದೆ. "ಅಭಿನಂದನೆಗಳು. ನಿಮ್ಮ ವಿಳಾಸದ ಹತ್ತಿರ ಒಂದು ಹುದ್ದೆ ಖಾಲಿಯಾಗಿದೆ. ಶುಚಿತ್ವ ಸಹಾಯಕಿ, ಮುಖ್ಯ ಕಟ್ಟಡ, ಮೊದಲ ಮಹಡಿ. ಪರಿಶೀಲನೆ ಅಗತ್ಯವಿಲ್ಲ."

"ಮೊದಲ್ನೇ ಮಹಡಿ ನಂದು ಕಣೇ," ಎಂದಳು ಅಮ್ಮ. ಆಮೇಲೆ ಸಿಟ್ಟು ಬಂತು. "ಒಪ್ಕೊಂಡ್ಯೋ, ಕಾಲು ಮುರೀತೀನಿ! ಇದಕ್ಕಾ ನಿನ್ನ ಓದ್ಸಿದ್ದು? ಅವರ ಮನೆ ಹಾಳಾಗ!"

ಬೈದು ಬೈದು ಗೋಡೆಗೆ ಒರಗಿದಳು. ಟೈರಿಗೆ ಗಾಳಿ ತುಂಬುವ ಸದ್ದು ಬರುತ್ತಿತ್ತು. ನನ್ನನ್ನು ನೋಡದೆ, ತಪ್ಪು ಮಾಡಿದವಳ ಹಾಗೆ ಕೇಳಿದಳು.

"ನೀನು ಒಪ್ಕೊಂಡು... ಹೋಗೋದು ನಾನು ಹೋದ್ರೆ ಆಗಲ್ವಾ?"

"ಹಾಜರಿ ಫೋಟೋದಲ್ಲಿ ನನ್ನ ಮುಖ ಬೇಕಮ್ಮಾ."

ನನಗೆ ಅಳು ಬರಲಿಲ್ಲ. ಎಲ್ಲರ ಮೇಲೆ, ಅಮ್ಮನ ಮೇಲೂ, ಕೆಟ್ಟ ಸಿಟ್ಟು ಬಂತು.

ಶುಕ್ರವಾರ ಹತ್ತು ಗಂಟೆಗೆ ಪರೀಕ್ಷೆಯ ಹಾಲಿಗೆ ನುಗ್ಗಿ ಖಾಲಿಯಿದ್ದ ಒಂದು ಕಂಪ್ಯೂಟರಿನ ಮುಂದೆ ಕೂತೆ. ನಂಬರು ಕೇಳಿತು, ಕೊಟ್ಟೆ. "ನೀವು ಪಟ್ಟಿಯಲ್ಲಿ ಇಲ್ಲ." ಮತ್ತೆ ಕೊಟ್ಟೆ. ಮತ್ತೆ ಅದೇ. ಅಧಿಕಾರಿ ಮೇಜುಗಳ ನಡುವೆ ದಡದಡ ಬಂದ.

"ಏಯ್, ಎದ್ದೇಳೇ!"

"ಏಳಲ್ಲ."

"ಇಲ್ಲಿ ಕೂತು ಏನ್ ಕಿಸೀತೀಯಾ?"

"ಪರೀಕ್ಷೆ ಬರೀತೀನಿ."

"ನಿನ್ನ ಮುಂದೆ ಪ್ರಶ್ನೇನೇ ಇಲ್ವಲ್ಲೇ ಮುಂಡೇದೇ!"

"ಇಲ್ದಿದ್ರೆ ಇಲ್ಲ. ಏಳಲ್ಲ."

ಅವನು ಗಾರ್ಡನ್ನು ಕೂಗಿದ. ಗಾರ್ಡಿಗಿಂತ ಮೊದಲು ಬಾಗಿಲಲ್ಲಿ ಅಮ್ಮ ಕಂಡಳು. ಬರಬೇಡ ಎಂದು ಹೇಳಿಯೇ ಬಂದಿದ್ದೆ. ಅವಳು ನೇರವಾಗಿ ನಡೆದು ಬಂದು, ನನ್ನ ಪಕ್ಕದ ಕುರ್ಚಿ ಎಳೆದು, ಧಪ್ಪನೆ ಕೂತಳು. ಹನ್ನೊಂದು ವರ್ಷ ಆ ಕುರ್ಚಿಗಳನ್ನು ಒರೆಸಿದ್ದವಳು ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ಎದುರಿನ ಪರದೆಯನ್ನೇ ದಿಟ್ಟಿಸುತ್ತಾ, ಓದಲು ಬಾರದವಳು, "ನೀನು ಬರಿ" ಎಂದಳು.

ಉಳಿದವರ ಕೀಲಿಗಳು ಟಕಟಕ ಎನ್ನುತ್ತಲೇ ಇದ್ದವು. ಅವರಿಗೆ ಒಂದೊಂದು ನಿಮಿಷವೂ ಮುಖ್ಯ. ಗಾರ್ಡು ಬಂದು ನಮ್ಮ ಹಿಂದೆ ನಿಂತ. ಅವನೂ ಅದೇ ಗುತ್ತಿಗೆಯವನು, ಅಮ್ಮನ ಡಬ್ಬಿಯಲ್ಲಿ ಎಷ್ಟೋ ದಿನ ಉಂಡವನು.

"ಎದ್ಬಿಡಕ್ಕಾ," ಎಂದ ಪಿಸುಮಾತಿನಲ್ಲಿ. "ನನ್ನ ಹಾಜರಿ ಹೋಗುತ್ತೆ."

ಅಮ್ಮ ಕುರ್ಚಿಯ ಎರಡೂ ಬದಿ ಬಿಗಿಯಾಗಿ ಹಿಡಿದುಕೊಂಡಳು. ಗಾರ್ಡು ಒಮ್ಮೆ ಅಧಿಕಾರಿಯ ಕಡೆ ನೋಡಿದ. ಆಮೇಲೆ ಬಗ್ಗಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.