ನಾನೇ ಹಾಕಿದ ಟೆಸ್ಟ್

ಇಪ್ಪತ್ತೆರಡು ವರ್ಷಗಳಿಂದ ಲ್ಯಾಬಿನಲ್ಲಿದ್ದೇನೆ. ಊರವರ ರಕ್ತವನ್ನೆಲ್ಲ ಮೆಷಿನ್ನಿಗೆ ಹಾಕಿ, ಬಂದ ಸಂಖ್ಯೆಗೆ ಹುಬ್ಬು ಕೂಡ ಏರಿಸದೆ ಸಹಿ ಮಾಡಿ ಕೈ ತೊಳೆದುಕೊಂಡವಳು. ಅವತ್ತು ಬೆಳಗ್ಗೆ ಮಾತ್ರ ಮೆಷಿನ್ನಿನ ಮೇಲೆಯೇ ರೇಗಿದೆ. ನಲವತ್ತರೊಳಗೆ ಇರಬೇಕಾದ ಲಿವರ್ ಟೆಸ್ಟ್ ನೂರ ಎಂಬತ್ತೆರಡು ತೋರಿಸುತ್ತಿತ್ತು. ಸ್ಯಾಂಪಲ್ ನನ್ನ ಮಗಳದು. ಹದಿನೇಳು ವರ್ಷ, ಒಂಬತ್ತನೇ ವಯಸ್ಸಿನಿಂದಲೂ ಟೈಪ್ ಒನ್ ಡಯಾಬಿಟಿಸ್.

"ಮೆಷಿನ್ ಕೈಕೊಟ್ಟಿದೆ," ಅಂದೆ.

"ಬೆಳಗ್ಗೆ ಕಂಟ್ರೋಲ್ ಸ್ಯಾಂಪಲ್ ಹಾಕಿ ನೀವೇ ಮೆಷಿನ್ ಚೆಕ್ ಮಾಡಿದ್ರಲ್ಲ ಮೇಡಂ, ಎಲ್ಲಾ ಸರಿಯಿತ್ತು," ಅಂದಳು ಪಕ್ಕದ ಮೇಜಿನ ಸಹೋದ್ಯೋಗಿ. ಅವಳ ಪ್ರಾಮಾಣಿಕತೆಗಿಷ್ಟು ಬೆಂಕಿ ಹಾಕ. ಮತ್ತೆ ಹಾಕಿದೆ. ನೂರ ಎಂಬತ್ತನಾಲ್ಕು. ಇನ್ನೊಂದು ಸಲ ನೋಡಿ ಎಂದು ಗೋಗರೆದ ಎಷ್ಟು ತಾಯಂದಿರನ್ನು "ಮೆಷಿನ್ ಸುಳ್ಳು ಹೇಳಲ್ಲಮ್ಮ" ಎಂದು ಗದರಿಸಿ ಕಳಿಸಿದ್ದೆನೋ! ಮೂರನೆಯ ಸಲವೂ ಹಾಕಿದೆ. ಅದೇ ಬಂತು.

ವಾರದೊಳಗೆ ಸ್ಕ್ಯಾನ್ ಆಯಿತು, ಕಾಮಾಲೆಯ ಟೆಸ್ಟುಗಳೂ ಆದವು. ಕಾಮಾಲೆಯಲ್ಲ, ಲಿವರ್ ಮಾತ್ರ ದಪ್ಪಗಾಗಿದೆ. ಡಯಾಬಿಟಿಸ್ ಡಾಕ್ಟರಮ್ಮ ಮಗಳ ಸಕ್ಕರೆ ನೋಡುವ ಮೀಟರನ್ನು ಒತ್ತಿ ಒತ್ತಿ ಹಳೆಯ ಲೆಕ್ಕವನ್ನೆಲ್ಲ ನೋಡಿದರು.

"ದಿನಾ ಸಂಜೆ ಮುನ್ನೂರೈವತ್ತು, ನಾನೂರು. ಆಮೇಲೆ ನೋಡಿದ್ರೆ ಅರವತ್ತು. ಸಂಜೆ ಇನ್ಸುಲಿನ್ ಯಾರು ಕೊಡೋದು?"

"ನಾನೇ ಡಾಕ್ಟ್ರೇ," ಅಂದೆ, ಬಹುಮಾನ ತೆಗೆದುಕೊಳ್ಳುವವಳ ಹಾಗೆ. "ಕಾಲೇಜಿಂದ ಬಂದ ಕೂಡಲೇ ಬೆರಳು ಚುಚ್ಚಿ ನೋಡ್ತೀನಿ. ಜಾಸ್ತಿ ಇದ್ರೆ ನೀವು ಬರ್ಕೊಟ್ಟಿದ್ದಕ್ಕಿಂತ ಆರೇಳು ಯೂನಿಟ್ ಮೇಲೇ ಕೊಡ್ತೀನಿ. ತೀರಾ ಇಳಿದ್ರೆ ಜ್ಯೂಸ್ ಕುಡಿಸ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

"ರಕ್ತದಲ್ಲಿ ಸಕ್ಕರೆ ಅಷ್ಟಿರೋವಾಗ ಇಷ್ಟೊಂದು ಇನ್ಸುಲಿನ್ ಒಟ್ಟಿಗೆ ಹೋದ್ರೆ, ಆ ಸಕ್ಕರೆ ಲಿವರಲ್ಲಿ ಹೋಗಿ ತುಂಬ್ಕೊಳ್ಳುತ್ತೆ. ದಿನಾ ಹೀಗೆ ಆದ್ರೆ ಊದ್ಕೊಳ್ಳುತ್ತೆ. ಸಕ್ಕರೆ ಹತೋಟಿಗೆ ಬಂದ್ರೆ ಇದು ಸರಿಹೋಗುತ್ತೆ, ಹೆದರ್ಬೇಡಿ. ಆದ್ರೆ ಸಂಜೆ ಇಷ್ಟು ಏರೋದು ಯಾಕೆ? ಮಧ್ಯಾಹ್ನದ ಇನ್ಸುಲಿನ್ ತಗೊಳ್ತೀಯಾ ಇಲ್ವಾ, ಪುಟ್ಟಾ?"

ಮಗಳು ತನ್ನ ಚಪ್ಪಲಿ ನೋಡುತ್ತಾ ಕೂತಿದ್ದಳು.

"ಇಲ್ಲ. ಕ್ಲಾಸಲ್ಲಿ ಎಲ್ರೂ ನೋಡ್ತಾರೆ. ಸಂಜೆ ಹೇಗೂ ಅಮ್ಮ ಸರಿ ಮಾಡ್ತಾಳಲ್ಲ ಅಂತ..."

ಎಂಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೆ. ಅವಳು ಮಧ್ಯಾಹ್ನ ಬಿಟ್ಟದ್ದನ್ನು ನಾನು ಸಂಜೆ ತುಂಬಿಸಿ, ಇಬ್ಬರೂ ಸೇರಿ ಆ ಲಿವರನ್ನು ಹಾಳುಗೆಡವಿದ್ದೆವು.

"ಇನ್ಮೇಲೆ ನೀವು ಮುಟ್ಬೇಡಿ," ಅಂದರು ಡಾಕ್ಟರಮ್ಮ. "ಬರ್ಕೊಟ್ಟಷ್ಟೇ, ಅವಳೇ ತಗೊಳ್ಲಿ. ನಾಲ್ಕು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡೋಣ." ಸಂಜೆಗೆಂದು ನಾನಿಟ್ಟುಕೊಂಡಿದ್ದ ಇನ್ನೊಂದು ಇನ್ಸುಲಿನ್ ಪೆನ್ನನ್ನೂ ನನ್ನ ಚೀಲದಿಂದ ತೆಗೆಸಿ ಮಗಳ ಕೈಗೆ ಕೊಡಿಸಿದರು. ಕೈ ಬರಿದಾಯಿತು.

ಮಾರನೆಯ ದಿನ ಒಂದು ಗಂಟೆಗೆ ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ. ಆ ಕಡೆ ಹುಡುಗಿಯರ ನಗು, ಡಬ್ಬಿಗಳ ಸದ್ದು.

"ತಗೊಂಡ್ಯಾ?"

"ತಗೊಂಡೆ ಅಮ್ಮ."

"ನಿಜವಾಗ್ಲೂ?"

"ತಗೊಂಡೆ ಅಂದ್ನಲ್ಲಮ್ಮಾ. ಫೋನ್ ಇಡು."

ದನಿಯಲ್ಲಿ ಅಳುಕಿರಲಿಲ್ಲ, ತಡವರಿಕೆಯೂ ಇರಲಿಲ್ಲ. ಒಳಗೆ ಹೋಗಿ ಕೈಗವಸು ಹಾಕಿಕೊಂಡು ಯಾರದೋ ಸ್ಯಾಂಪಲ್ ಎತ್ತಿಕೊಂಡೆ. ಅವಳು ಕಾಲೇಜು ಸೇರಿದಾಗಿನಿಂದ ದಿನಾ ಒಂದು ಗಂಟೆಗೆ ಫೋನಿನಲ್ಲಿ ಇದೇ ಪ್ರಶ್ನೆ ಕೇಳಿದ್ದೇನೆ. ದಿನಾ ಇದೇ ದನಿಯಲ್ಲಿ ಅವಳು ತಗೊಂಡೆ ಎಂದಿದ್ದಾಳೆ.