ಟಿವಿ ಮುಂದೆ ಆಡದ ಮಾತು

ತ್ರಿವೇಣಿ ಸುಳ್ಳು ಅಂಕ ಬರೆಯುತ್ತಿದ್ದಾಳೆಂದು ಮೂರನೇ ವಾರಕ್ಕೇ ನನಗೆ ಖಾತ್ರಿಯಾಗಿತ್ತು. ನಾನು ಬೆಂಗಳೂರಿನಲ್ಲಿ ವಾಕ್‌ಚಿಕಿತ್ಸೆ ಕಲಿಸುವ ಮೇಷ್ಟ್ರು. ಅವಳು ಕೊನೇ ವರ್ಷದ ವಿದ್ಯಾರ್ಥಿನಿ, ಚಳ್ಳಕೆರೆಯ ಒಂದು ಚಿಕಿತ್ಸಾಲಯದಲ್ಲಿ ತರಬೇತಿಗಿದ್ದಳು. 2006ರಲ್ಲಿ ನಮಗೆ ಹೊಸದಾಗಿ ವಿಡಿಯೋ ಕಾನ್ಫರೆನ್ಸ್ ಬಂದಿತ್ತು: ನನ್ನ ಟಿವಿಯಲ್ಲಿ ಅವರು, ಅವರ ಟಿವಿಯಲ್ಲಿ ನಾನು. ವಾರಕ್ಕೊಮ್ಮೆ ಅವಳ ಕೆಲಸವನ್ನು ಟಿವಿಯಲ್ಲೇ ನೋಡಿ ಪಾಸೋ ಫೇಲೋ ನಾನು ಹೇಳಬೇಕಿತ್ತು.

ಅವಳ ರೋಗಿ ಇಮಾಂ ಬೀ, ಪಾರ್ಶ್ವವಾಯು ಹೊಡೆದು ಮಾತು ಹೋಗಿದ್ದ ಅಜ್ಜಿ. ಹತ್ತು ಚಿತ್ರ ತೋರಿಸಿ ಹೆಸರು ಹೇಳಿಸಬೇಕು. ನಾನು ನೋಡುವಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದಳು. ಉಳಿದ ದಿನಗಳ ವರದಿಯಲ್ಲಿ ಮಾತ್ರ ಹತ್ತಕ್ಕೆ ಏಳು, ಎಂಟು! ಯಾರ ಕಿವಿಗೆ ಹೂ ಇಡುತ್ತಿದ್ದಾಳೆ ಇವಳು?

“ಟಿವಿ ಆಫ್ ಮಾಡಿದ್ರೆ ಮಾತಾಡ್ತಾರೆ ಸರ್,” ಎಂದಳು ತ್ರಿವೇಣಿ.

“ಆಫ್ ಮಾಡಿದ್ರೆ ನಾನೇನ್ ನೋಡ್ಲಿ, ಗೋಡೇನಾ?” ಎಂದು ರೇಗಿದೆ.

ಅವಳು ತಲೆ ತಗ್ಗಿಸಿದಳು. ಅದೂ ನನಗೆ ಕಳ್ಳತನದ ಹಾಗೇ ಕಂಡಿತು. ನನ್ನ ಮುಂದೆ ಆಡಿದ ಮಾತಿಗಷ್ಟೇ ಅಂಕ, ಅದು ನನ್ನ ನಿಯಮ. ಫೇಲ್ ಎಂದು ಬರೆದು, ಸಹಿ ಹಾಕಿ, ಕಾಗದವನ್ನು ಚೀಲದಲ್ಲಿಟ್ಟುಕೊಂಡೆ. ಅವಳ ಒಂದು ವರ್ಷ ಹಾಳಾಗುತ್ತದೆಂದು ಗೊತ್ತಿತ್ತು. ಸುಳ್ಳನ್ನು ಕಣ್ಣಾರೆ ಕಂಡೇ ಕಾಗದ ಕೊಡಬೇಕೆಂಬ ಹಟಕ್ಕೆ, ಯಾರಿಗೂ ತಿಳಿಸದೆ ಚಳ್ಳಕೆರೆ ಬಸ್ಸು ಹತ್ತಿದೆ.

ಅಜ್ಜಿಯ ಸೊಸೆಯೋ ಮಗಳೋ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿರಬೇಕೆಂದು ಚಿಕಿತ್ಸಾಲಯದ ಬಾಗಿಲ ಪರದೆಯ ಸಂದಿಯಲ್ಲಿ ಇಣುಕಿದೆ. ತ್ರಿವೇಣಿ, ಅಜ್ಜಿ ಇಬ್ಬರೇ ಇದ್ದರು. ಟಿವಿ ಆರಿತ್ತು. ಅಜ್ಜಿಯ ಸೆರಗು ಹೆಗಲ ಮೇಲಿತ್ತು, ಬಾಯಿ ಎಡಕ್ಕೆ ಸೊಟ್ಟಗಾಗಿತ್ತು.

“ಈ... ಈರುಳ್ಳಿ.”

“ಚಾವಿ.”

“ಕುರಿ.”

ನಾನು ಬೆರಳು ಮಡಿಸುತ್ತ ಹೋದೆ. ನಡುವೆ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಗುಡುಗಿಕೊಂಡು ಹೋಯಿತು, ಒಂದು ಚಿತ್ರಕ್ಕೆ ಅಜ್ಜಿ ಏನೆಂದಳೋ ಕೇಳಿಸಲಿಲ್ಲ. ಆದರೂ ಲೆಕ್ಕ ಒಂಬತ್ತಕ್ಕೆ ಬಂತು.

“ಸರ್ ನೋಡುವಾಗ ಯಾಕಜ್ಜಿ ಹಿಂಗೆ ಹೇಳಲ್ಲ?” ತ್ರಿವೇಣಿ ಕೇಳಿದಳು.

“ಬಾಯಿ... ಸೊಟ್ಟ ಐತೆ. ಗಂಡಸರ ಮುಂದೆ... ಶರಮ್.”

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸೆರಗು ಮುಚ್ಚಿದ್ದ ಆ ಬಾಯನ್ನೇ ನಾನು ಮೂರು ವಾರ ಟಿವಿಯಲ್ಲಿ ದಿಟ್ಟಿಸಿದ್ದೆ.

ಕೆಮ್ಮಿ ಒಳಗೆ ಹೋದೆ. ಅಜ್ಜಿಯ ಸೆರಗು ತಟ್ಟನೆ ಬಾಯಿಗೆ ಬಂತು. ತ್ರಿವೇಣಿ ಪೆನ್ನು ಹಿಡಿದೇ ಎದ್ದು ನಿಂತಳು.

“ನೀವು ಬಂದ್ರಲ್ಲ ಸರ್,” ಎಂದಳು. “ಈಗ ಸೊನ್ನೆ ಬರೀಲಾ?”

ನಾನು ಗೋಡೆಯ ಕಡೆ ತಿರುಗಿ ನಿಂತು, ಚೀಲದಿಂದ ಕಾಗದ ತೆಗೆದು ಹರಿದೆ.

“ಒಂಬತ್ತು ಬರಿಯಮ್ಮ. ಹೊರಗೆ ನಿಂತು ಕೇಳಿದೀನಿ.”

ಬೆನ್ನ ಹಿಂದೆ, ಸೆರಗಿನೊಳಗಿಂದ ಇಮಾಂ ಬೀಯ ದನಿ ನಿಧಾನವಾಗಿ ಬಂತು.

“ಒಂಬತ್ತಲ್ಲ ಸಾಬ್. ಹ... ಹತ್ತು.”