ಮುನೀರಾಳ ಪ್ಲಸ್ ಎಚ್

ಹೆಂಗಸರ ಕೋಣೆಯಲ್ಲಿ ತೆಗೆದ ಫೋಟೋ ಪರಗಂಡಸರ ಕಣ್ಣಿಗೆ ಬೀಳಬಾರದು. ಪುತ್ತೂರಿನ ಮುನೀರಾಳ ಹೊಟ್ಟೆ ತುಂಬುತ್ತಿದ್ದದ್ದೇ ಈ ಒಂದು ಮಾತಿನ ಮೇಲೆ. ಬ್ಯಾರಿ ಮದುವೆಗಳಲ್ಲಿ ಹೆಂಗಸರು ಬುರ್ಖಾ ತೆಗೆದಿಟ್ಟು, ಚಿನ್ನ ಹೇರಿಕೊಂಡು, ಕೈತಟ್ಟಿ ಹಾಡುವಾಗ ಕ್ಯಾಮರಾ ಹಿಡಿದು ಒಳಗೆ ಹೋಗುತ್ತಿದ್ದವಳು ಅವಳು. ಅವಳನ್ನು ಮೊದಲು ಒಳಗೆ ಬಿಟ್ಟುಕೊಂಡವರು ರಾಮಕುಂಜದ ಬೀಬಿ ಮಾಮಿ. ಮಾಮಿ ಹೂಂ ಅಂದರೆ ಪೆರಾಬೆಯಿಂದ ಸುಳ್ಯದವರೆಗೆ ಕೆಲಸ, ಉಹೂಂ ಅಂದರೆ ಕ್ಯಾಮರಾ ಮಾರಿ ಕೋಳಿ ಸಾಕಬೇಕು.

ಅದಕ್ಕೇ ಮುನೀರಾ ಒಂದು ವಿದ್ಯೆ ಕಲಿತಿದ್ದಳು. ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಒಂದು ಸಾಲಿನ ಆಜ್ಞೆ: ಅಟ್ರಿಬ್, ಅಡಗಿಸಲು ಪ್ಲಸ್ ಎಚ್, ಪ್ಲಸ್ ಎಸ್, ಆಮೇಲೆ ಫೋಲ್ಡರಿನ ಹೆಸರು. ಅದನ್ನು ಬ್ಯಾಚ್ ಫೈಲಾಗಿ ಉಳಿಸಿ ಒತ್ತಿದರೆ 'ಹೆಂಗಸರು' ಎಂಬ ಫೋಲ್ಡರು ಮಂಗಮಾಯ. ಮೈನಸ್ ಹಾಕಿದ ಇನ್ನೊಂದು ಫೈಲು ಒತ್ತಿದರೆ ಪ್ರತ್ಯಕ್ಷ. "ಸೈತಾನನಿಗೂ ಕಾಣುದಿಲ್ಲ ಮಾಮೀ," ಎಂದು ಕೊಚ್ಚಿಕೊಂಡಿದ್ದಳು. ಅರ್ಧ ವಿದ್ಯೆ ಕಲಿತವರಿಗೆ ಇರುವ ಧೈರ್ಯ ಪೂರ್ತಿ ಕಲಿತವರಿಗೆ ಇರುವುದಿಲ್ಲ.

ಮಾಮಿಯ ಮೊಮ್ಮಗಳು ಆಯಿಶತ್ ಶಿಫಾಳ ಮದುವೆ ಮುಗಿದು, ಮದುಮಗನ ಕಡೆಯವರಿಗೆ ಊಟ ಇಟ್ಟ ದಿನ ಮುನೀರಾ ಫೋಟೋ ತಂದಳು. ಗಂಡಸರದ್ದು, ಹೆಂಗಸರದ್ದು, ಎಲ್ಲ ಒಂದೇ ಪೆನ್‌ಡ್ರೈವಿನಲ್ಲಿ. ಪ್ಲಸ್ ಎಚ್ ಇರುವಾಗ ಎರಡು ಯಾಕೆ ಎಂಬ ಜಿಪುಣತನ. ಶಿಫಾಳ ಅಣ್ಣ ಇಮ್ತಿಯಾಝ್ ಅದನ್ನು ಚಾವಡಿ ಗೋಡೆಯ ದೊಡ್ಡ ಟಿವಿಗೆ ಸಿಕ್ಕಿಸಿ, ನೆಂಟರ ಕಾರು ನಿಲ್ಲಿಸಲು ಅಂಗಳಕ್ಕೆ ಓಡಿದ.

ಮುನೀರಾಳ ಆ ಆಜ್ಞೆ ಬೀಗವೇನೂ ಹಾಕುತ್ತಿರಲಿಲ್ಲ, 'ನನ್ನನ್ನು ತೋರಿಸಬೇಡ' ಎಂಬ ಚೀಟಿ ಅಂಟಿಸುತ್ತಿತ್ತು, ಅಷ್ಟೇ. ಅವಳ ಕಂಪ್ಯೂಟರು ಮರ್ಯಾದಸ್ಥ, ಚೀಟಿ ಓದಿ ಸುಮ್ಮನಿರುತ್ತಿತ್ತು. ಈ ಟಿವಿ ಯಾರ ಮನೆಯಲ್ಲಿ ಬೆಳೆದದ್ದೋ, ಚೀಟಿಯನ್ನು ಕ್ಯಾರೇ ಅನ್ನಲಿಲ್ಲ.

ಅಡುಗೆಮನೆಯಿಂದ ಇಣುಕಿದ ಮುನೀರಾಳ ಜೀವ ಬಾಯಿಗೆ ಬಂತು. ಗೋಡೆ ತುಂಬ ಬೀಬಿ ಮಾಮಿ! ತಲೆ ಮೇಲೆ ಬಟ್ಟೆಯಿಲ್ಲ, ಕೂದಲು ಬಿಚ್ಚಿಹೋಗಿದೆ, ಕಣ್ಣಲ್ಲಿ ನೀರು ಬರುವಷ್ಟು ನಗು. ಎದುರಿಗೆ ಮಾಮಿಯ ಗಂಡ ಕುಂಞಿ ಮೋನು ಒಬ್ಬರೇ ಕೂತು ನೋಡುತ್ತಿದ್ದಾರೆ. ಹೊರಗೆ ಮೆಟ್ಟಿಲ ಬಳಿ ನೆಂಟರು ಚಪ್ಪಲಿ ಬಿಡುವ ಸದ್ದು. ರಿಮೋಟು ಹುಡುಕಲು ಪುರುಸೊತ್ತೆಲ್ಲಿ, ಓಡಿಹೋಗಿ ಪೆನ್‌ಡ್ರೈವನ್ನೇ ಕಿತ್ತಳು.

"ಎಂತ ಮಾರಾಯ್ತಿ, ಯಾಕೆ ತೆಗೆದದ್ದು?" ಮೋನುಕಾಕ ರೇಗಿದರು. "ಅದು ಯಾರು? ನಮ್ಮ ಕಡೆಯವಳಾ, ಮದುಮಗನ ಕಡೆಯವಳಾ? ಎಲ್ಲೋ ನೋಡಿದ ಹಾಗೆ ಉಂಟು."

ಮುನೀರಾ ಉತ್ತರ ಹುಡುಕುತ್ತಾ ತಿರುಗಿದರೆ, ಅಡುಗೆಮನೆಯ ಬಾಗಿಲಲ್ಲಿ ಶರಬತ್ತಿನ ತಟ್ಟೆ ಹಿಡಿದು ಬೀಬಿ ಮಾಮಿ. ಎಲ್ಲ ಕೇಳಿಸಿಕೊಂಡಿದ್ದರು. ಮುಗಿಯಿತು ನನ್ನ ಕಥೆ ಎಂದುಕೊಂಡಳು ಮುನೀರಾ.

ಮಾಮಿ ತಟ್ಟೆ ಇಟ್ಟು, ನೆಂಟರ ಮುಖಕ್ಕೇ ಮುಂಬಾಗಿಲು ಹಾಕಿ ಚಿಲಕ ಜಡಿದರು.

"ಅದನ್ನು ಪುನಃ ಹಾಕು."

"ಮಾಮೀ, ನನ್ನಿಂದ ತಪ್ಪಾಯ್ತು..."

"ಗೊತ್ತುಂಟು. ಬರುವ ವಾರ ಪೆರಾಬೆಯ ಮದುವೆಗೆ ಎರಡು ಪೆನ್‌ಡ್ರೈವ್ ತಾ. ಈಗ ಹಾಕು."

ಮುನೀರಾ ಪೆನ್‌ಡ್ರೈವನ್ನು ಪುನಃ ಸಿಕ್ಕಿಸಿದಳು. ಗೋಡೆಯ ಮೇಲೆ ಮತ್ತೆ ಆ ನಗು. ಮೋನುಕಾಕ ಟಿವಿ ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಟಿವಿ ನೋಡಿದರು. ಅವರಿಗೆ ನಾಚಿಕೆಯಾಯಿತು, ಅದು ಮುಖದಲ್ಲೇ ಕಾಣುತ್ತಿತ್ತು.

"ನೀನು ಹೀಗೆ ನಗುದುಂಟಾ?"

"ದಿನಾ ನಗುದು. ನೀವು ಒಳಗೆ ಬಂದ ಕೂಡಲೇ ನಿಲ್ಲಿಸುದು."

ಹೊರಗೆ ಯಾರೋ ಬಾಗಿಲು ತಟ್ಟಿದರು. ಮೋನುಕಾಕನಿಗೆ ಅದು ಕೇಳಿಸಲೇ ಇಲ್ಲ.

"ಈಗ ಒಮ್ಮೆ ನಗು, ನೋಡುವ," ಎಂದರು ಮೆಲ್ಲಗೆ.

"ನೆಂಟರು ಬಿಸಿಲಲ್ಲಿ ನಿಂತಿದ್ದಾರೆ," ಎಂದು ಮಾಮಿ ಪೆನ್‌ಡ್ರೈವ್ ಕಿತ್ತು ಮುನೀರಾಳ ಕೈಗಿಟ್ಟು, ಚಿಲಕ ತೆಗೆಯಲು ಹೋದರು.